ಗೋಡಂಬಿಯಷ್ಟು ಮೂಳೆಯ ಫೋಟೊ

"ಅಲುಗಾಡಬೇಡಿ" ಎಂದು ಹೇಳಿ ಹೊಟ್ಟೆ ಹೊರೆಯುವವನು ನಾನು. ಹೊಸಕೋಟೆಯಲ್ಲಿ ಹೆದ್ದಾರಿ ಪಕ್ಕದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಯಂತ್ರ ನಡೆಸುತ್ತೇನೆ. ಆ ಮಾತು ನನ್ನ ಬಾಯಿಂದ ಬಿದ್ದ ಗಳಿಗೆಯಿಂದ ಜನ ಅಲುಗಾಡಲು ಶುರು ಮಾಡುತ್ತಾರೆ. ಹೇಳದೆ ಬಿಟ್ಟು ನೋಡಿದ್ದೇನೆ, ಆಗಲೂ ಅಲುಗಾಡುತ್ತಾರೆ. ಇದಕ್ಕೊಂದು ಕೊನೆ ಇದೆ ಅನ್ನುವ ಆಸೆಯನ್ನು ನಾನು ಬಿಟ್ಟು ಬಹಳ ಕಾಲವಾಯಿತು.

ಬೇರೆ ಸ್ಕ್ಯಾನ್ ಆದರೆ ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತದೆ. ನನ್ನ ಪಾಲಿಗೆ ಬಂದಿರುವುದು ಮೂಳೆಯ ಒಳಗನ್ನು ಬಿಡಿಸಿ ತೋರಿಸುವ ಚಿತ್ರ. ಮೂಳೆ ಅಂದರೆ ಕಲ್ಲಿನ ಹಾಗೆ ಗಟ್ಟಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ಒಳಗೆ ಅದು ಜೇನುಗೂಡು. ಆ ಗೂಡಿನ ಗೋಡೆಗಳು ಕೂದಲೆಳೆಯಷ್ಟು ತೆಳು. ರೋಗಿ ಕೂದಲೆಳೆಯಷ್ಟು ಜರುಗಿದರೂ ಒಂದು ಗೋಡೆ ಎರಡಾಗಿ, ಎರಡು ಗೋಡೆ ಮಸುಕಾಗಿ, ಕಡೆಗೆ ಮೂಳೆಯ ಜಾಗದಲ್ಲಿ ರಾಗಿ ಅಂಬಲಿ ಕಾಣಿಸುತ್ತದೆ.

ಚಿತ್ರ ನೋಡಿ ವರದಿ ಬರೆಯುವ ಡಾಕ್ಟರು ಬೆಂಗಳೂರಿನಲ್ಲಿ ಕೂತಿರುತ್ತಾರೆ. ನಾನು ಇಲ್ಲಿಂದ ಇಂಟರ್ನೆಟ್ಟಿನಲ್ಲಿ ಕಳಿಸುತ್ತೇನೆ, ಅವರು ಅಲ್ಲಿಂದ "ಅಲುಗಿದೆ, ಮತ್ತೆ ತೆಗೆಯಿರಿ" ಎಂದು ವಾಪಸ್ ಕಳಿಸುತ್ತಾರೆ. ಅವರಿಗೆ ರೋಗಿ ಅಂದರೆ ಕಪ್ಪುಬಿಳುಪಿನ ಒಂದು ಚಿತ್ರ. ನನಗೆ ರೋಗಿ ಅಂದರೆ, ಬೇಡ ಅಂದ ಕೂಡಲೇ ಮೂಗು ತುರಿಸಲು ಶುರುವಾಗುವ ಜೀವ.

ಇದನ್ನೆಲ್ಲ ನಕ್ಕು ಮರೆಯಬಹುದಿತ್ತು, ನಂದಗುಡಿ ಕಡೆಯ ಆ ಹೆಂಗಸು ಬರದೆ ಇದ್ದಿದ್ದರೆ. ಆಕೆಯ ಕೈ ಅಲುಗಾಡದೆ ಇರುತ್ತದೋ ಇಲ್ಲವೋ ಅನ್ನುವುದರ ಮೇಲೆ ಆಕೆಯ ಹಸುಗಳು ಕೊಟ್ಟಿಗೆಯಲ್ಲಿ ಉಳಿಯುತ್ತವೋ ಇಲ್ಲವೋ ಅನ್ನುವುದು ನಿಂತಿತ್ತು. ಆದರೆ ಆಕೆಗಿಂತ ಮೊದಲು ಇಬ್ಬರು ಬಂದು ನನ್ನ ತಲೆ ಹದ ಮಾಡಿ ಹೋದರು. ಅವರನ್ನು ಮೊದಲು ಮುಗಿಸಿಬಿಡುತ್ತೇನೆ.

ಮರ್ಯಾದಸ್ಥರು

ಅನುಗೊಂಡನಹಳ್ಳಿಯಿಂದ ಒಬ್ಬ ಹಿರಿಯರು ಸೊಂಟದ ಮೂಳೆ ತೋರಿಸಲು ಬಂದರು. ಬಿಳಿ ಪಂಚೆ, ಬಿಳಿ ಮೀಸೆ, ಮಾತಿನಲ್ಲಿ ತುಂಬಾ ವಿನಯ. ಯಂತ್ರದೊಳಗೆ ಮಲಗಿಸಿ, ಗಾಜಿನ ಈಚೆಗೆ ಬಂದು ಮೈಕಿನಲ್ಲಿ, "ಯಜಮಾನ್ರೇ, ಶುರು ಮಾಡ್ತೀನಿ" ಅಂದೆ. ಅವರು ಮಲಗಿದಲ್ಲೇ ಎರಡೂ ಕೈ ಜೋಡಿಸಿ ತಲೆ ಎತ್ತಿ, "ಆಗ್ಲಿ ಸ್ವಾಮಿ" ಅಂದರು. ಸೊಂಟ ಜರುಗಿತು.

ಮತ್ತೆ ಸರಿ ಮಾಡಿದೆ. ಐದು ನಿಮಿಷ ಬಿಟ್ಟು, ಹೆದರಿದ್ದಾರೇನೋ ಅಂತ, "ಚೆನ್ನಾಗಿದ್ದೀರಾ?" ಅಂತ ಕೇಳಿದೆ. ತಲೆ ಎತ್ತಿದರು, ಕೈ ಜೋಡಿಸಿದರು, ನಿಮ್ಮ ಆಶೀರ್ವಾದ ಅಂದರು. ಸೊಂಟ ಇನ್ನೊಂದು ಕಡೆಗೆ ಹೋಯಿತು. ನಾನು ಒಳಗೆ ಹೋಗಿ, ನಾನು ಏನೇ ಕೇಳಿದರೂ ಉತ್ತರ ಕೊಡಬೇಡಿ, ಸುಮ್ಮನೆ ಬಿದ್ದಿರಿ ಅಂತ ಕೈಮುಗಿದು ಹೇಳಿದೆ. ಒಬ್ಬರು ಮಾತಾಡಿಸಿದಾಗ ಕೊರಡಿನ ಹಾಗೆ ಬಿದ್ದಿರುವುದು ತಮ್ಮ ಮನೆತನದಲ್ಲಿ ಇಲ್ಲ ಎಂದು ಅವರು ಬೇಜಾರು ಮಾಡಿಕೊಂಡರು. ಕೊನೆಗೆ ನಾನೇ ಮೈಕು ಮುಟ್ಟುವುದಿಲ್ಲ ಎಂದು ನಿರ್ಧಾರ ಮಾಡಿ, ಬಾಯಿ ಹೊಲಿದುಕೊಂಡು ಕೂತೆ. ಚಿತ್ರ ಬಹಳ ಚೆನ್ನಾಗಿ ಬರುತ್ತಿತ್ತು. ಮುಕ್ಕಾಲು ಭಾಗ ಮುಗಿದಾಗ ಅವರು ಯಂತ್ರದೊಳಗಿಂದ ಪೂರ್ತಿ ಜಾರಿ ಈಚೆ ಬಂದು ಗಾಜಿನ ಹತ್ತಿರ ಮುಖ ಇಟ್ಟರು.

ನಾನು ಓಡಿಹೋಗಿ ಏನಾಯಿತು ಅಂದೆ.

"ನಮ್ಗೇನಾಗಿಲ್ಲ ಸ್ವಾಮಿ. ಆಗ್ಲಿಂದ ನೀವು ಮಾತೇ ಆಡ್ಲಿಲ್ವಲ್ಲ, ನಿಮ್ಗೇ ಏನಾರ ಆಯ್ತೇನೋ ಅಂತ ನೋಡೋಕೆ ಬಂದೆ."

ಸೇವೆ

ಇನ್ನೊಬ್ಬರು ಹಿಮ್ಮಡಿಯ ಮೂಳೆ ನೋಯುತ್ತಿದ್ದ, ಸೊಸೆಯ ಜೊತೆ ಬಂದಿದ್ದ ಒಬ್ಬ ಅತ್ತೆ. ಯಂತ್ರದ ಸದ್ದಿಗೆ ಹೆದರಿ ಗೋಳಾಡುತ್ತಿದ್ದರು. ಯಂತ್ರ ಅಂದರೆ ದೊಡ್ಡ ಅಯಸ್ಕಾಂತ, ಹಾಗಾಗಿ ಮೈಮೇಲೆ ಲೋಹ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಸೊಸೆಯನ್ನು ಒಳಗೆ ಕಾಲಿನ ಹತ್ತಿರ ಕೂರಿಸಿದೆ. ನೀವು ಜೊತೆಗಿದ್ದರೆ ಸಾಕು, ಅವರಿಗೆ ಧೈರ್ಯ ಇರುತ್ತದೆ ಅಂದೆ. ಸೊಸೆ ಸೆರಗು ಸರಿ ಮಾಡಿಕೊಂಡು ತಲೆಯಾಡಿಸಿದಳು. ಅತ್ತೆ ತಣ್ಣಗಾದರು. ನನಗೆ ನನ್ನ ಬುದ್ಧಿಯ ಬಗ್ಗೆ ಹೆಮ್ಮೆಯಾಯಿತು.

ಚಿತ್ರ ಬಂದಾಗ ಹಿಮ್ಮಡಿ ಒಂದಲ್ಲ, ನಾಲ್ಕೈದು ಕಾಣುತ್ತಿದ್ದವು. ಮತ್ತೆ ತೆಗೆದೆ, ಮತ್ತೆ ಹಾಗೆಯೇ. ಗಾಜಿಗೆ ಕಣ್ಣು ಹಚ್ಚಿ ನೋಡಿದರೆ ಸೊಸೆ ಕಾಲು ಒತ್ತುತ್ತಿದ್ದಳು, ನಿಧಾನವಾಗಿ, ಬೆರಳು ಬೆರಳೂ ಬಿಡಿಸಿ. ಹೊರಗೆ ಕರೆದು ಯಾಕಮ್ಮ ಹೀಗೆ ಅಂದೆ. ಆಕೆ ತಲೆ ತಗ್ಗಿಸಿ ನಿಂತಳು. ಅತ್ತೆಯ ಕಾಲಬುಡದಲ್ಲಿ ಕೂತು ಕೈ ಸುಮ್ಮನೆ ಇಟ್ಟುಕೊಳ್ಳುವುದು ಹೇಗೆ ಅಂತ ನನ್ನನ್ನೇ ಕೇಳಿದಳು. ಆಯ್ತು, ನೀವು ಹೊರಗೇ ಇರಿ ಅಂತ ಹೇಳಿ, ಒಳಗೆ ಹೋಗಿ ಅತ್ತೆಗೆ ವಿಷಯ ತಿಳಿಸಿದೆ. ಅವರು ಮಲಗಿದಲ್ಲಿಂದಲೇ ನನ್ನನ್ನು ದುರುಗುಟ್ಟಿ ನೋಡಿದರು.

"ಮದ್ವೆ ಆದಾಗಿಂದ ಇವತ್ತೇ ಕಣಪ್ಪ ಅವ್ಳು ಕಾಲು ಮುಟ್ಟಿದ್ದು. ಅದನ್ನೂ ನಿಲ್ಲಿಸ್ಬಿಟ್ಯಾ?"

ನಿದ್ದೆ

ಈಗ ನಂದಗುಡಿ ಕಡೆಯ ಆ ಅಕ್ಕ. ಸೌತೆ, ಬೀನ್ಸ್ ಬೆಳೆಯುವ ಮನೆ, ಜೊತೆಗೆ ಹಸುಗಳು. ತರಕಾರಿ ಗಂಡನದು, ಹಸು ಪೂರ್ತಿ ಆಕೆಯದು. ಕೊಟ್ಟಿಗೆಯಲ್ಲಿ ಗಂಜಲದ ಮೇಲೆ ಕಾಲು ಜಾರಿ ಎಡಗೈ ಊರಿ ಬಿದ್ದಿದ್ದರು. ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಹತ್ತಿರ ಗೋಡಂಬಿಯಷ್ಟು ಒಂದು ಮೂಳೆ ಇರುತ್ತದೆ. ಅದು ಮುರಿದರೆ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಮುರಿದ ತುಂಡಿಗೆ ರಕ್ತ ಹೋಗುತ್ತಿದ್ದರೆ ಸಿಮೆಂಟು ಪಟ್ಟಿ ಹಾಕಿ ಕಾಯಬಹುದು. ಹೋಗದೆ ಆ ತುಂಡು ಸತ್ತಿದ್ದರೆ ಆಪರೇಷನ್ ಮಾಡಬೇಕು. ಅದನ್ನು ಹೇಳಬಲ್ಲದ್ದು ನನ್ನ ಈ ದರಿದ್ರ ಚಿತ್ರ ಒಂದೇ.

ಗಂಡ ಬಾಗಿಲಲ್ಲೇ ನಿಂತು ತೀರ್ಮಾನ ಹೇಳಿಬಿಟ್ಟರು. "ಕುಯ್ಯೋದು ಅಂತಾದ್ರೆ ಹಸು ಮಾರೋದೇ. ಕರೆಯೋರು ಯಾರು?" ದಲ್ಲಾಳಿ ಆಗಲೇ ಬಂದು ಹಸುಗಳ ಹಲ್ಲು ಹಿಡಿದು ನೋಡಿಕೊಂಡು ಹೋಗಿದ್ದನಂತೆ. ಆಕೆ ಒಳಗೆ ಬಂದ ಮೇಲೆ, "ಚೆನ್ನಾಗಿ ತೆಗೀರಿ ಸಾ" ಅಂತ ಅಷ್ಟೇ ಅಂದರು. ಆದರೆ ಚೆನ್ನಾಗಿ ತೆಗೆಯುವುದು ನನ್ನ ಕೈಯಲ್ಲಿ ಇಲ್ಲ.

ಅಂಗಾತ ಮಲಗಿಸಿ, ಎಡಗೈಯನ್ನು ಪಕ್ಕಕ್ಕೆ ಇಟ್ಟು, ಸುತ್ತ ಸ್ಪಂಜು ತುರುಕಿ ಯಂತ್ರ ಶುರು ಮಾಡಿದೆ. ಆ ಯಂತ್ರದ ಸದ್ದಿಗೆ ಸತ್ತವರು ಏಳಬೇಕು. ಆಕೆ ಮಾತ್ರ ಕ್ಷಣದಲ್ಲಿ ನಿದ್ದೆ ಹೋದರು. ಕೋಳಿ ಕೂಗುವ ಮೊದಲೇ ಎದ್ದು ದುಡಿಯುವ ಮೈ, ಯಾರೋ ಹಗಲಲ್ಲಿ ಮಲಗು ಅಂದರೆ ಇನ್ನೇನು ಮಾಡುತ್ತದೆ. ನಾನು ದೇವರಿಗೆ ಕೈಮುಗಿದೆ. ನಿದ್ದೆ ಹೋದ ರೋಗಿಗಿಂತ ದೊಡ್ಡ ವರ ನಮ್ಮ ವೃತ್ತಿಯಲ್ಲಿ ಇಲ್ಲ.

ಚಿತ್ರ ನೋಡಿದರೆ ಹೆಬ್ಬೆರಳಿನ ಬುಡದಲ್ಲಿ ಬರೀ ಸುಳಿ. ಗಾಜಿನಿಂದ ಇಣುಕಿದೆ. ನಿದ್ದೆಯಲ್ಲೇ ಆಕೆಯ ಎರಡೂ ಕೈಯ ಬೆರಳುಗಳು ಮೆಲ್ಲಗೆ ಮಡಚುತ್ತಿದ್ದವು, ಬಿಚ್ಚುತ್ತಿದ್ದವು. ಒಂದು ಲಯದಲ್ಲಿ, ಎಡ ಬಲ, ಎಡ ಬಲ. ಸೆಳೆತವೇನೋ ಎಂದು ಗಾಬರಿಯಾಗಿ ನಮ್ಮ ನರ್ಸ್ ಸಿಸ್ಟರನ್ನು ಕೂಗಿದೆ. ಸಿಸ್ಟರ್ ಕೂಡ ಹಸು ಸಾಕಿದ ಮನೆಯವರು. ಗಾಜಿನ ಮುಂದೆ ನಿಂತು ಸ್ವಲ್ಪ ಹೊತ್ತು ನೋಡಿ, ಏನೂ ಇಲ್ಲ ಸಾರ್, ಹಾಲು ಕರೀತಿದ್ದಾರೆ ಅಂದರು. ನಾನು ಎಬ್ಬಿಸಲು ಹೊರಟೆ. ಸಿಸ್ಟರ್ ನನ್ನ ತೋಳು ಹಿಡಿದು ನಿಲ್ಲಿಸಿದರು.

"ಅರ್ಧಕ್ಕೆ ಎಬ್ಬಿಸ್ಬೇಡಿ ಸಾರ್, ಹಸು ಹಾಲು ಬಿಗಿ ಹಿಡಿಯುತ್ತೆ."

ಅರಿಶಿನದ ಕೊಂಬು

ಡಾಕ್ಟರು "ಅಲುಗಿದೆ" ಅಂತ ಕಳಿಸಿದರು, ಆಕೆ ಮತ್ತೆ ಬಂದರು. ಮೊದಲ ಸಲ ತಾಳಿಯನ್ನು ಬಿಚ್ಚಿ ಸಿಸ್ಟರ್ ಕೈಗೆ ಕೊಟ್ಟು ಬರೀ ಕೊರಳಲ್ಲಿ ಮಲಗಿದ್ದರು. ಅದಕ್ಕೆ ಮನೆಯಲ್ಲಿ ದೊಡ್ಡ ರಂಪವಾಗಿತ್ತಂತೆ. ಈ ಸಲ ತಾಳಿ ಬಿಚ್ಚಿ ಕೊಟ್ಟರೂ ಕೊರಳು ಬರಿದಾಗಬಾರದು ಅಂತ ಆಕೆಯ ಅತ್ತೆ ತಾವೇ ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಕಟ್ಟಿ ಕೊರಳಿಗೆ ಹಾಕಿ ಕಳಿಸಿದ್ದರು. ಲೋಹ ಇಲ್ಲ, ನನಗೂ ಒಪ್ಪಿಗೆಯಾಯಿತು. ನಿದ್ದೆ ಮಾಡಬೇಡಿ ಅಕ್ಕ, ಕಣ್ಣು ಬಿಟ್ಟುಕೊಂಡು ಸುಮ್ಮನೆ ಮಲಗಿ ಅಂದೆ. ಹೂಂ ಅಂದರು.

ಯಂತ್ರ ಶುರುವಾದಾಗ ಮಂಚ ಸ್ವಲ್ಪ ನಡುಗುತ್ತದೆ. ಎದೆಯ ಮೇಲಿದ್ದ ಕೊಂಬೂ ನಡುಗಿತು. ಈ ಯಂತ್ರ ಕಬ್ಬಿಣ ಎಳೆಯುತ್ತದೆ ಅಂತ ಹೊರಗಿನ ಬೆಂಚಿನಲ್ಲಿ ಯಾರೋ ಹೇಳಿದ್ದರು. ಕಬ್ಬಿಣ ಎಳೆಯುವುದಕ್ಕೆ ಕೊಂಬು ಯಾವ ಲೆಕ್ಕ ಅಂತ ಆಕೆಗೆ ಅನ್ನಿಸಿತು. ಬಲಗೈಯಲ್ಲಿ ಕೊಂಬನ್ನು ಗಟ್ಟಿಯಾಗಿ ಹಿಡಿದುಕೊಂಡರು. ಬಲಗೈ ಎತ್ತಿದಾಗ ಭುಜ ಎದ್ದಿತು, ಭುಜದ ಜೊತೆ ಎಡಗೈಯೂ ಜರುಗಿತು. ಚಿತ್ರ ಹಾಳಾಯಿತು.

ನಾನು ಮೈಕಿನಲ್ಲಿ, "ಅಕ್ಕ, ಬಲಗೈ ಎತ್ತಬಾರದು" ಅಂದೆ. ನನ್ನ ಮಾತಿಗೆ ಬಲಗೈಯನ್ನು ಒಳ್ಳೆಯ ಮಗುವಿನ ಹಾಗೆ ಕೆಳಗಿಳಿಸಿದರು. ಸ್ಪಂಜನ್ನೆಲ್ಲ ಪಕ್ಕಕ್ಕೆ ಸರಿಸಿ, ಕೊಂಬನ್ನು ಎಡಗೈಯಲ್ಲಿ ಹಿಡಿದುಕೊಂಡರು.

ಇದಾದ ಮೇಲೆ ಡಾಕ್ಟರು ಫೋನ್ ಮಾಡಿ ನನ್ನನ್ನು ತರಾಟೆಗೆ ತೆಗೆದುಕೊಂಡರು. ನನ್ನ ಕೈಯಲ್ಲಿ ಸ್ಪಂಜು ಇದ್ದದ್ದರಿಂದ ಫೋನನ್ನು ಸ್ಪೀಕರಿಗೆ ಹಾಕಿದ್ದೆ. ಆ ಅಕ್ಕ ಪಕ್ಕದಲ್ಲೇ ಚಪ್ಪಲಿ ಹಾಕಿಕೊಳ್ಳುತ್ತಿದ್ದರು. "ನಿಮಗೆ ಎಷ್ಟು ಸಲ ಹೇಳೋದ್ರೀ? ನನಗೆ ಅಲುಗಾಡದ ಕೈ ಬೇಕು. ಅಲುಗಾಡೋ ಕೈ ಕಳಿಸಬೇಡಿ. ಇನ್ನೊಂದು ಸಲ ಹೀಗಾದ್ರೆ ಆಯಮ್ಮನ್ನ ಬೆಂಗಳೂರು ಸಿಟಿಗೆ ಕಳಿಸಿ, ನೀವು ಬೇರೆ ಕೆಲಸ ನೋಡ್ಕೊಳ್ಳಿ" ಅಂದರು. ಸಿಟಿಗೆ ಹೋಗುವ ಮಾತು ಕೇಳಿ ಗಂಡ ಬಾಗಿಲಲ್ಲಿ ನಿಂತು ತಲೆ ಅಡ್ಡಡ್ಡ ಆಡಿಸಿದರು. ಸಿಟಿಯೂ ಇಲ್ಲ ಗಿಟಿಯೂ ಇಲ್ಲ, ಮುಂದಿನ ಸಲವೂ ಚಿತ್ರ ಸರಿಯಾಗಿ ಬರದಿದ್ದರೆ ದಲ್ಲಾಳಿಗೆ ಫೋನ್ ಮಾಡುತ್ತೇನೆ ಅಂದರು. ಆಕೆ ನನ್ನ ಮುಖ ನೋಡಿ, ತಮ್ಮ ಕೈಯಿಂದ ನನಗೆ ಬೈಗುಳ ಆಯಿತಲ್ಲ ಅಂತ ನೊಂದುಕೊಂಡರು. ಹಸು ಹೋಗುವುದು ಆಕೆಯದು, ಸಮಾಧಾನ ಮಾಡಿದ್ದು ನನಗೆ.

ಅನುಭವ

ಮೂರನೆಯ ಸಲಕ್ಕೆ ನಾನು ರೀತಿಯನ್ನೇ ಬದಲಾಯಿಸಿದೆ. ಬೋರಲು ಮಲಗಿಸಿ, ಕೈಯನ್ನು ತಲೆಯ ಮುಂದಕ್ಕೆ ಚಾಚಿಸಿ, ಕೈ ಹಿಡಿದಿಡುವ ಹಿಡಿಕೆಯೊಳಗೆ ಪಟ್ಟಿಯಿಂದ ಕಟ್ಟಿಬಿಡುವುದು. ಕೊಂಬು ಎದೆಯ ಕೆಳಗೆ ಭದ್ರವಾಗಿರುತ್ತದೆ, ನಿದ್ದೆಯೂ ಬರುವುದಿಲ್ಲ. ಕಟ್ಟುವ ಹೊತ್ತಿಗೆ ಸರಿಯಾಗಿ ಡಾಕ್ಟರ ಫೋನು ಬಂತು. ಹೀಗೆ ಇಡಿ, ಹಾಗೆ ಇಡಿ ಅಂತ ಅವರು ಪಾಠ ಹೇಳುತ್ತಿದ್ದರು, ನಾನು ಆಚೆ ನಿಂತು ಹೂಂಗುಟ್ಟುತ್ತಿದ್ದೆ. ಒಳಗೆ ಸಿಸ್ಟರ್ ಆಕೆಯನ್ನು ಮಲಗಿಸಿ, ಆಕೆ ಚಾಚಿದ ಕೈಯನ್ನು ಕಟ್ಟಿ, ಮೇಲೆ ಬಟ್ಟೆ ಹೊದಿಸಿ ಬಂದರು. ನಾನು ಕಂಪ್ಯೂಟರಿನಲ್ಲಿ ಎಂದಿನಂತೆ ಎಡ ಮಣಿಕಟ್ಟು ಅಂತ ಒತ್ತಿ ಶುರು ಮಾಡಿದೆ.

ಆಕೆ ಅಲುಗಾಡಲಿಲ್ಲ. ನಾನು ಉಸಿರು ಹಿಡಿದು ಕೂತೆ, ಸಿಸ್ಟರ್ ಬಾಯಿಗೆ ಸೆರಗು ಒತ್ತಿಕೊಂಡು ನಿಂತರು. ಪರದೆಯ ಮೇಲೆ ಒಂದೊಂದೇ ಪದರ ಬರತೊಡಗಿತು. ಆ ಗೋಡಂಬಿಯಂಥ ಮೂಳೆ, ಅದರೊಳಗಿನ ಗೂಡು, ಗೂಡಿನ ಒಂದೊಂದು ಗೋಡೆ, ಯಾರೋ ಸೂಜಿಯಲ್ಲಿ ಬರೆದ ಹಾಗೆ ಬಿಡಿಬಿಡಿಯಾಗಿ ಕಾಣಿಸಿತು. ಇಷ್ಟು ವರ್ಷ ಅಂಬಲಿ ನೋಡಿ ನೋಡಿ ಸತ್ತಿದ್ದ ನನ್ನ ಕಣ್ಣಿನಲ್ಲಿ ನೀರು ಬಂತು. ಸುಳ್ಳು ಯಾಕೆ ಹೇಳಲಿ, ಆ ಚಿತ್ರ ಅಷ್ಟು ಚೆಂದ ಇತ್ತು.

ಸ್ವಲ್ಪ ಹೊತ್ತಿಗೇ ವರದಿಯೂ ಬಂತು. ಎಡ ಮಣಿಕಟ್ಟಿನ ಮೂಳೆ ಪೂರ್ತಿ ಆರೋಗ್ಯವಾಗಿದೆ, ರಕ್ತ ಚೆನ್ನಾಗಿ ಹೋಗುತ್ತಿದೆ, ಮುರಿದಿದ್ದರೆ ಗುರುತೂ ಉಳಿಯದಂತೆ ಕೂಡಿಕೊಂಡಿದೆ. ಆಪರೇಷನ್ ಬೇಡ. ಹಿಂದೆಯೇ ಡಾಕ್ಟರು ಫೋನ್ ಮಾಡಿದರು. ಈ ಚಿತ್ರವನ್ನು ಬೇರೆ ಸೆಂಟರಿನವರಿಗೆಲ್ಲ ತೋರಿಸುತ್ತೇನೆ, ಆ ಹೆಂಗಸನ್ನು ಅದು ಹೇಗೆ ಅಲುಗಾಡದ ಹಾಗೆ ಮಾಡಿದಿರಿ ಅಂತ ಮೊದಲ ಬಾರಿಗೆ ಮರ್ಯಾದೆಯಿಂದ ಕೇಳಿದರು.

ನಾನು ಕುರ್ಚಿಗೆ ಒರಗಿಕೊಂಡು, "ಅನುಭವ ಸರ್" ಅಂದೆ.

ಎಡಗೈ

ವರದಿಯನ್ನು ಗಂಡನ ಕೈಗೆ ಕೊಟ್ಟು ಓದಿ ಹೇಳಿದೆ. ಅವರು ಎರಡು ಸಲ ಕೇಳಿಸಿಕೊಂಡರು. ಹಾಗಿದ್ದರೆ ಮಾರುವ ಮಾತಿಲ್ಲ ಬಿಡಿ ಅಂತ ಹೇಳಿ, ದಲ್ಲಾಳಿಗೆ ಬರಬೇಡ ಅನ್ನುವುದಕ್ಕೆ ಫೋನ್ ಹಿಡಿದು ಹೊರಗೆ ಹೋದರು. ಸಿಗ್ನಲ್ ಸಿಗಲೆಂದು ಅಂಗಳದ ತುದಿಯವರೆಗೂ ನಡೆದರು. ಆ ಅಕ್ಕ ಸಿಸ್ಟರ್ ಹತ್ತಿರ ತಾಳಿ ಈಸಿಕೊಳ್ಳಲು ಒಳಗೇ ಉಳಿದರು. ಅಷ್ಟು ದಿನದಲ್ಲಿ ಆಕೆ ನಕ್ಕಿದ್ದನ್ನು ನಾನು ನೋಡಿದ್ದು ಆಗಲೇ.

ಆಕೆ ಬಲಗೈ ಒಂದರಲ್ಲೇ ತಾಳಿ ಹಾಕಿಕೊಳ್ಳಲು ಒದ್ದಾಡುತ್ತಿದ್ದರು. ಎಡಗೈಯನ್ನು ಹೊಟ್ಟೆಗೆ ಒತ್ತಿಕೊಂಡಿದ್ದರು. ಹೆಬ್ಬೆರಳಿನ ಬುಡ ಊದಿತ್ತು. ಹಿಡಿಕೆಯಲ್ಲಿ ಬಿಗಿದ ಪಟ್ಟಿಯ ಗುರುತು ಮಾತ್ರ ಬಲಗೈಯ ಮೇಲೆ ಇತ್ತು. ಯಾವ ಕೈ ಇಟ್ಟಿದ್ದಿರಿ ಅಕ್ಕ ಅಂತ ಕೇಳಿದೆ.

"ಇದೇ ಸಾ, ಬಲಗೈ. ಅವತ್ತು ಆ ಡಾಕ್ಟ್ರು ಬಾಯ್ಬಿಟ್ಟು ಹೇಳ್ಲಿಲ್ವಾ, ಅಲುಗಾಡದ ಕೈ ಬೇಕು, ಅಲುಗಾಡೋ ಕೈ ಕಳಿಸ್ಬೇಡಿ ಅಂತ? ಎಡಗೈ ನೋಯ್ತದೆ, ಇಟ್ಟೆಡೆ ನಿಲ್ಲಾಕಿಲ್ಲ. ಇದು ನಿಲ್ತದೆ. ಅದಕ್ಕೆ ಇದನ್ನ ಕೊಟ್ಟೆ. ಪಾಪ, ನಿಮ್ಗೂ ಬೈಗುಳ ತಪ್ಲಿ ಅಂತ."

ಸಿಸ್ಟರ್ ಸ್ಟೂಲಿನ ಮೇಲೆ ಕುಸಿದು ಕೂತರು. ಯಾವ ಕೈ ಅಂತ ಕೇಳಿದೆ ಸಾರ್, ಇದೇ ಅಂತ ಚಾಚಿದರು, ನಾನು ಕಟ್ಟಿದೆ ಅಂತ ಅಳತೊಡಗಿದರು. ನನಗೂ ಅಳು ಬಂದಿತ್ತು, ಆದರೆ ಒಬ್ಬರು ಅಳುತ್ತಿರುವಾಗ ಇನ್ನೊಬ್ಬರು ಕೆಲಸ ನೋಡಬೇಕಲ್ಲ. ವರದಿ ಎಡಗೈಯದು ಅಂತ ಹೋಗಿದೆ, ಚಿತ್ರ ಬಲಗೈಯದು. ಡಾಕ್ಟರಿಗೆ ಹೇಳಿ ಅದನ್ನು ವಾಪಸ್ ತೆಗೆಸಬೇಕು, ಈಗಲೇ ಮಲಗಿ, ನೋವಿರುವ ಕೈಯನ್ನು ನಾನೇ ನಿಂತು ತೆಗೆಯುತ್ತೇನೆ ಅಂತ ಬಿಡಿಸಿ ಹೇಳಿದೆ. ಬಿಟ್ಟರೆ ಆ ಮೂಳೆ ಒಳಗೇ ಸಾಯಬಹುದು, ಆಮೇಲೆ ಆ ಕೈಯಲ್ಲಿ ಹಾಲು ಕರೆಯಲು ಆಗುವುದೇ ಇಲ್ಲ ಅಂತಲೂ ಹೇಳಿದೆ.

ಆಕೆ ಕಿಟಕಿಯಿಂದ ಹೊರಗೆ ನೋಡಿದರು. ಅಂಗಳದ ತುದಿಯಲ್ಲಿ ಗಂಡ ಇನ್ನೂ ಫೋನಿನಲ್ಲಿ ಕೈ ಬೀಸಿ ಬೀಸಿ, ಬರಬೇಡ ಅನ್ನುವ ಹಾಗೆ ಮಾತಾಡುತ್ತಿದ್ದರು. ಆಕೆಯ ಮುಖದಲ್ಲಿದ್ದ ನಗು ಮೆಲ್ಲಗೆ ಹೋಯಿತು. ನನ್ನ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಕೇಳಿದರು.

"ಅದ್ರಲ್ಲಿ ಎಡಗೈ ಅಂತ್ಲೇ ಬರ್ದೈತಾ ಸಾ?"

ಬರೆದಿದೆ ಅಂದೆ.

"ಚೆನ್ನಾಗೈತೆ ಅಂತ ಬರ್ದೈತಾ?"

ಅದೂ ಬರೆದಿದೆ ಅಂದೆ.

"ಡಾಕ್ಟ್ರು ಸೈನು ಹಾಕವ್ರಾ?"

ಹಾಕಿದ್ದಾರೆ ಅಂದೆ. ಆಕೆ ಎಡಗೈಯನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ನಮ್ ಹೊಲಾನ ಪಹಣೀಲಿ ಬೀಳು ಅಂತ ಬರ್ದವ್ರೆ ಸಾ. ಮೊಳಕಾಲುದ್ದ ರಾಗಿ ನಿಂತೈತೆ, ಬಂದು ನೋಡಿ ಅಂದ್ರೂ ಸರ್ವೆಯೋರು ಕೇಳ್ಲಿಲ್ಲ. ಬರ್ದ್ಮೇಲೆ ಬೀಳೇ ಅಂದ್ರು. ಹಂಗಾದ್ಮೇಲೆ, ಚೆನ್ನಾಗೈತೆ ಅಂತ ಬರ್ದು ಸೈನಾದ್ಮೇಲೂ ನೋಯೋಕೆ ಈ ಕೈಗೇನು ಹಕ್ಕೈತೆ?"